ಹಾಡಿನ ನಡುವೆ ನಿಲ್ಲುತ್ತಿದ್ದವರು

ಅವರ ಕುತ್ತಿಗೆಯ ಎರಡೂ ಬದಿಗೆ ಒಂದೊಂದು ಕಪ್ಪು ಗೆರೆಯಿತ್ತು. ಮೌತ್ ಆರ್ಗನ್ ಸಿಕ್ಕಿಸುವ ತಂತಿಯ ಚೌಕಟ್ಟನ್ನು ವರ್ಷಗಟ್ಟಲೆ ಕೊರಳಿಗೆ ಹಾಕಿಕೊಂಡು ಬಿದ್ದ ಗೆರೆ. ಎರಡು ಕೈ ಕೀಬೋರ್ಡಿಗೆ, ಬಲಗಾಲು ಡ್ರಮ್ಮಿನ ಪೆಡಲಿಗೆ, ಎಡಗಾಲಿಗೆ ಗೆಜ್ಜೆ, ಬಾಯಿ ಒಮ್ಮೆ ಮೌತ್ ಆರ್ಗನ್ನಿಗೆ, ಒಮ್ಮೆ ಮೈಕಿಗೆ. ಒಮಾನಿನಲ್ಲಿ ಮಸ್ಕತ್ತಿನಿಂದ ಬರ್ಕಾದವರೆಗೆ ನಮ್ಮವರ ಮದುವೆ, ಸೀಮಂತ, ನಾಮಕರಣಗಳಿಗೆಲ್ಲ ಅವರೊಬ್ಬರೇ ಪೂರ್ತಿ ಬ್ಯಾಂಡ್. ಮಾಸ್ತರು ಎಂದು ಕರೆಯುತ್ತಿದ್ದೆವು. ವಾರವಿಡೀ ಬರ್ಕಾದ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ನಿಂತು, ಶುಕ್ರವಾರ ಹಳೆಯ ಪಿಕಪ್ಪಿನಲ್ಲಿ ಸಾಮಾನು ತುಂಬಿಕೊಂಡು ಬರುತ್ತಿದ್ದರು. ಮೈಕ್ ಪರೀಕ್ಷಿಸಲು ಎಲ್ಲರ ಹಾಗೆ ಹಲೋ ಹಲೋ ಎನ್ನದೆ, "ಊಟ ಆಯ್ತಾ?" ಎಂದು ಖಾಲಿ ಮದುವೆ ಹಾಲನ್ನು ಕೇಳುತ್ತಿದ್ದರು.

ಅವರು ತುಳು ಮನೆಮಾತಿನ ಕರಾವಳಿಯವರು, ನಾನು ಹುಬ್ಬಳ್ಳಿಯವಳು. "ನೀವು ಮಾತಾಡುದಾ ಅಕ್ಕ, ಜಗಳ ಮಾಡುದಾ?" ಎಂದು ನನ್ನನ್ನು ಕೆಣಕುವುದು ಅವರ ರೂಢಿ. ಈಗ ಮಾಡುತ್ತಿರುವುದು ಜಗಳವೇ ಮಾಸ್ತರ. ನಿಮ್ಮ ಪರವಾಗಿ ಮಾಡುವವರು ಬೇರೆ ಯಾರೂ ಕಾಣಲಿಲ್ಲ.

ಅವರನ್ನು ಗೊತ್ತು ಮಾಡುವುದೆಂದರೆ ಫೋನಿನಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ. ಮನೆಗೆ ಬಂದು, ಹಾಲು ಹಾಕದ ಸುಲೈಮಾನಿ ಚಹಾ ಹಿಡಿದು ಕೂತು, ನಮ್ಮನ್ನೇ ವಿಚಾರಿಸುತ್ತಿದ್ದರು. ಯಾರು ಯಾರು ಬರುತ್ತಾರೆ ಎಂದು ನಾವು ಹೇಳಿ ಮುಗಿಸಿದ ಮೇಲೆ ಅವರ ಪ್ರಶ್ನೆ ಬರುತ್ತಿತ್ತು: "ಯಾರು ಬರುದಿಲ್ಲ?" ಕೆಲವರಿಗೆ ಇದು ಅಧಿಕಪ್ರಸಂಗ ಅನ್ನಿಸುತ್ತಿತ್ತು. ವೀಸಾ ಸಿಗದ ಅಜ್ಜಿ, ಮಾತು ಬಿಟ್ಟ ಅಣ್ಣ, ತೀರಿಕೊಂಡ ತಂದೆ, ಹೀಗೆ ಪ್ರತಿ ಮನೆಯಲ್ಲೂ ಯಾರೋ ಒಬ್ಬರು ಇದ್ದೇ ಇರುತ್ತಿದ್ದರು. ಆ ಬಾರದವರಿಗೆ ಇಷ್ಟವಾದ ಹಾಡು ಯಾವುದೆಂದು ಕೇಳಿಕೊಂಡು ಹೋಗುತ್ತಿದ್ದರು. ಮದುವೆಯ ದಿನ ಆ ಹಾಡು ನುಡಿಸುತ್ತ, ಒಂದು ಸಾಲಿನ ನಡುವೆ ಥಟ್ಟನೆ ನಿಲ್ಲಿಸಿ, ಕೈ ಮಡಿಲಲ್ಲಿಟ್ಟುಕೊಂಡು, ಒಂದು ದೀರ್ಘ ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ನಿಂತಲ್ಲಿಂದಲೇ ಮುಂದುವರಿಸುತ್ತಿದ್ದರು.

ಇದನ್ನು ಅವರು ಕಲಿತದ್ದು ಯಹೂದಿಗಳ ಮದುವೆಯಲ್ಲಿ. ಹರೆಯದಲ್ಲಿ ಮುಂಬೈಯಲ್ಲಿದ್ದಾಗ ಅಲ್ಲಿನ ಒಂದು ಯಹೂದಿ ಕುಟುಂಬ ಇವರನ್ನು ಮದುವೆಗೆ ವಾದ್ಯ ನುಡಿಸಲು ಕರೆಯಿತಂತೆ. ಅವರ ಮನೆಮಾತು ಮರಾಠಿ, ಮೆಹಂದಿಯ ಗದ್ದಲ ನಮ್ಮಂತೆಯೇ. ಮದುವೆಯ ಕೊನೆಗೆ ಮದುಮಗ ಒಂದು ಗಾಜಿನ ಲೋಟವನ್ನು ಕಾಲಿನಿಂದ ತುಳಿದು ಒಡೆಯಬೇಕು, ಆಮೇಲೆ ವಾದ್ಯ. ಇವರಿಗೆ ನಮ್ಮ ಗಟ್ಟಿಮೇಳದ ಅಭ್ಯಾಸ. ಮದುಮಗ ಕಾಲೆತ್ತಿದ್ದೇ ತಡ, ಡ್ರಮ್ ಬಾರಿಸಿಬಿಟ್ಟರು. ಗಾಜು ಒಡೆದದ್ದು ಯಾರಿಗೂ ಕೇಳಲೇ ಇಲ್ಲ. ಮನೆಯ ಹಿರಿಯ ಬಂದು ಇವರ ಕೈ ಮೇಲೆ ಕೈಯಿಟ್ಟು, "ಸಂತೋಷ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಅದು ಒಡೆಯಲಿ" ಎಂದರಂತೆ. ಇನ್ನೊಂದು ಲೋಟ ತರಿಸಿ ಒಡೆಸಿದರಂತೆ. ಎಷ್ಟೇ ದೊಡ್ಡ ಸಂಭ್ರಮದಲ್ಲೂ ಕಳೆದುಕೊಂಡದ್ದನ್ನು ನೆನೆಯಬೇಕು ಎಂಬುದಕ್ಕೆ ಆ ಗಾಜು. ಆಮೇಲೆ ಆ ಬಂಧುಬಳಗದವರ ಎಷ್ಟೋ ಮದುವೆಗಳಿಗೆ ಇವರೇ ಬ್ಯಾಂಡ್.

"ನಮ್ಮದರಲ್ಲಿ ಗಟ್ಟಿಮೇಳ ಯಾಕೆ ಹೇಳಿ? ಯಾರಾದ್ರೂ ಸೀನಿದ್ದು, ಅತ್ತದ್ದು ಕೇಳಬಾರದು ಅಂತ. ಅವರದ್ರಲ್ಲಿ ಒಡೆದದ್ದು ಎಲ್ಲರಿಗೂ ಕೇಳಬೇಕು. ಮದುವೆಗೆ ಎರಡೂ ಬೇಕು ಮಾರಾಯ್ರೆ," ಎನ್ನುತ್ತಿದ್ದರು ಮಾಸ್ತರು.

ಇದರ ಅರ್ಥ ನನಗೆ ಆದದ್ದು ನನ್ನ ಮಗಳ ಮದುವೆಯಲ್ಲಿ. ಅದಕ್ಕೆ ಒಂದು ವರ್ಷ ಮೊದಲು ನನ್ನ ಗಂಡ ತೀರಿಹೋಗಿದ್ದರು. ಹುಡುಗ ಹುಡುಗಿ ಇಬ್ಬರ ಕೆಲಸವೂ ಇಲ್ಲೇ ಇದ್ದುದರಿಂದ ಮಸ್ಕತ್ತಿನ ಪಕ್ಕದ ಸೀಬ್ ಊರಿನ ಒಂದು ಹಾಲಿನಲ್ಲಿ ಮದುವೆ ಇಟ್ಟುಕೊಂಡೆವು. ಊರಿನಿಂದ ಬಂದ ನಾದಿನಿ ಬೆಳಿಗ್ಗೆಯೇ ನನ್ನ ಕಿವಿಯಲ್ಲಿ ಹೇಳಿದಳು: "ವೈನಿ, ನೀವು ಹಿಂದಿನ ಸಾಲಿನ್ಯಾಗ ಕೂಡ್ರಿ. ಅಕ್ಕಿಕಾಳು ಆದಮ್ಯಾಲೂ ಸ್ಟೇಜ್ ಕಡೆ ಬರಬ್ಯಾಡ್ರಿ, ನಾಕ ಮಂದಿ ನೋಡ್ತಾರ." ಹೆತ್ತವಳು ನಾನು. ಹಾಲ್ ಹುಡುಕಿದವಳು, ಅಡುಗೆಯವರನ್ನು ಗೊತ್ತು ಮಾಡಿದವಳು ನಾನು. ಮಗಳ ಮದುವೆ ಕೆಡಬಾರದೆಂದು ಹಲ್ಲು ಕಚ್ಚಿ ಹಿಂದೆ ಹೋಗಿ ಕೂತೆ. ಧಾರೆಯನ್ನು ಮೈದುನ ಎರೆದ. ಇಡೀ ದಿನ ಒಬ್ಬರ ಬಾಯಲ್ಲೂ ನನ್ನ ಗಂಡನ ಹೆಸರು ಬರಲಿಲ್ಲ, ಅಪಶಕುನವಂತೆ. ಆ ಸಿಟ್ಟು ಇಂದಿಗೂ ಆರಿಲ್ಲ.

ಊಟಕ್ಕೆ ಮುಂಚೆ ಮಾಸ್ತರು ಮೌತ್ ಆರ್ಗನ್ನಿನಲ್ಲಿ ಒಂದು ಹಾಡು ಎತ್ತಿಕೊಂಡರು. ನನ್ನ ಗಂಡ ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುವಾಗ ಸಿಳ್ಳೆಯಲ್ಲಿ ಹಾಕುತ್ತಿದ್ದ ಹಾಡು. ಸಾಲಿನ ನಡುವೆ ನಿಲ್ಲಿಸಿದರು. ಹಾಲಿನ ಗದ್ದಲ ತಾನಾಗಿ ಇಳಿಯಿತು. ಸ್ಟೇಜಿನ ಮೇಲಿದ್ದ ಮಗಳು ತಲೆಯೆತ್ತಿ, ಕುರ್ಚಿಗಳ ಮೇಲೆಲ್ಲ ಕಣ್ಣಾಡಿಸಿ ನನ್ನನ್ನು ಹುಡುಕಿದಳು. ಹಾರ ಸಮೇತ ಕೆಳಗಿಳಿದು, ಹಿಂದಿನ ಸಾಲಿಗೆ ಬಂದು, ನನ್ನ ಕೈ ಹಿಡಿದು ಎಬ್ಬಿಸಿದಳು. "ಅಮ್ಮ, ಪಪ್ಪಾನ ಹಾಡು. ನಡಿ." ನಾನು ಸ್ಟೇಜ್ ಹತ್ತಿ ಮಗಳು ಅಳಿಯನ ನಡುವೆ ನಿಲ್ಲುವವರೆಗೂ ಮಾಸ್ತರು ಮೌತ್ ಆರ್ಗನ್ನಿಗೆ ಬಾಯಿ ತಾಗಿಸಲಿಲ್ಲ. ನಿಂತ ಮೇಲೆ ಉಳಿದ ಅರ್ಧ ಸಾಲನ್ನು ನುಡಿಸಿದರು. ನಾದಿನಿ ತಟ್ಟೆಯಲ್ಲಿನ ಅಕ್ಷತೆಯನ್ನು ನೋಡುತ್ತ ನಿಂತಿದ್ದಳು.

ಇಂಥ ಮನುಷ್ಯನನ್ನು ನಮ್ಮ ಜನ ಏನು ಮಾಡಿದರು ನೋಡಿ. ನಮ್ಮ ಕನ್ನಡ ಬಳಗದ ಅಧ್ಯಕ್ಷರು ಮಗನ ರಿಸೆಪ್ಶನ್ನಿಗೆ ಅವರನ್ನು ಕರೆಸಿದ್ದರು. ಮಗನ ಗೆಳೆಯರ ಡಿಜೆಯೂ ಇತ್ತು. ನಡುವೆ ನಿಲ್ಲಿಸುವ ವಿಷಯವನ್ನು ಮಾಸ್ತರು ಮೊದಲೇ ಹೇಳಿದ್ದರು, ಅಧ್ಯಕ್ಷರು ಕಿವಿಗೆ ಫೋನ್ ಒತ್ತಿಕೊಂಡೇ ತಲೆಯಾಡಿಸಿದ್ದರು. ಊರಿನಲ್ಲಿ ಹಾಸಿಗೆ ಹಿಡಿದಿದ್ದ ಅಧ್ಯಕ್ಷರ ಸ್ವಂತ ತಾಯಿಯ ಹಾಡು ಅದು. ಮಾಸ್ತರು ನಿಲ್ಲಿಸಿದ್ದೇ ತಡ, ಅಧ್ಯಕ್ಷರು ಮೈಕ್ ಕಸಿದುಕೊಂಡು ಕೂಗಿದರು: "ಮಾಸ್ತರ್ ಬ್ಯಾಟರಿ ಖಲಾಸ್! ಯಲ್ಲಾ, ಬೇಗ ಡಿಜೆ ಶುರು ಮಾಡ್ರಪ್ಪಾ!" ಹಾಲಿಗೆ ಹಾಲೇ ನಕ್ಕಿತು. ಕೊರಳಿಗೆ ಚೌಕಟ್ಟು ಸಿಕ್ಕಿಸಿಕೊಂಡು, ಮಡಿಲಲ್ಲಿ ಕೈಯಿಟ್ಟು ಕೂತ ಆ ಮುಖವನ್ನು ಯಾರೋ ವಿಡಿಯೊ ಮಾಡಿ ಬಳಗದ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಮಾಸ್ತರಿಗೆ ಹಾಡು ಮರೆತುಹೋಗುತ್ತದಂತೆ, ವಯಸ್ಸಾಯಿತಂತೆ ಎಂದು ಸುದ್ದಿಯಾಯಿತು.

ನಾನು ಗುಂಪಿನಲ್ಲಿ ಉದ್ದಕ್ಕೆ ಬರೆದೆ. ಗಾಜಿನ ಕತೆ ಬರೆದೆ, ನನ್ನ ಮಗಳ ಮದುವೆಯ ಕತೆ ಬರೆದೆ. ನಾಲ್ಕಾರು ಜನ ಹೆಬ್ಬೆರಳು ತೋರಿಸಿದರು, ಅದರ ಕೆಳಗೇ ಯಾರೋ ಗುಲಾಬಿ ಹೂವಿನ ಶುಭೋದಯ ಹಾಕಿದರು. ವಿಡಿಯೊ ದೇಶದ ಆ ತುದಿಯ ಸಲಾಲಾದವರೆಗೂ ಹೋಯಿತು, ನನ್ನ ಬರಹ ಸೀಬ್ ದಾಟಲಿಲ್ಲ. ಮದುವೆಯವರು ಅವರಿಗೆ ಫೋನ್ ಮಾಡುವುದನ್ನು ಬಿಟ್ಟರು.

ಬರ್ಕಾದ ಅಂಗಡಿಗೇ ಹೋಗಿ, "ಮಾಸ್ತರ, ನೀವರ ಒಂದ್ ಮಾತು ಹೇಳ್ರಿ ಅವರಿಗೆ" ಎಂದೆ.

"ಬಿಡಿ ಅಕ್ಕ. ಎಂತ ಹೇಳುದು? ನಿಲ್ಲಿಸಿದ್ದು ಅವರಿಗೆ ಕೇಳಿತಲ್ಲ, ಅದಕ್ಕೇ ಹೆದರಿದ್ದು."

"ಯಾಕ ಬಿಡ್ಲಿ? ನಾ ಬಿಡಾಂಗಿಲ್ಲ!"

ಅವರು ನಕ್ಕು ಸುಲೈಮಾನಿ ತರಿಸಿದರು. ಅವರ ಆ ನಗು ನನಗೆ ಇನ್ನಷ್ಟು ಸಿಟ್ಟು ಬರಿಸಿತು. ಕುತ್ತಿಗೆಯ ಗೆರೆ ಸ್ವಲ್ಪ ಮಾಸಿದಂತೆ ಕಾಣುತ್ತಿತ್ತು.

ಕೆಲವು ತಿಂಗಳಿಗೆ ವೀಸಾ ರದ್ದು ಮಾಡಿಸಿಕೊಂಡು ಊರಿಗೆ ಹೋದರು. ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ಅದೇ ಗುಂಪಿನಲ್ಲಿ ಬಂತು. ಅಂದು ಬಿದ್ದು ಬಿದ್ದು ನಗುವ ಮುಖಗಳನ್ನು ಕಳಿಸಿದ ಬೆರಳುಗಳೇ ಈಗ ಓಂ ಶಾಂತಿ ಕಳಿಸಿದವು. ಬಳಗದಿಂದ ಶ್ರದ್ಧಾಂಜಲಿ ಸಭೆಯೂ ಆಯಿತು. ಅಧ್ಯಕ್ಷರು ಗಂಭೀರವಾಗಿ ಎದ್ದು, "ಎಲ್ಲರೂ ಒಂದು ನಿಮಿಷ ಮೌನ ಆಚರಿಸೋಣ" ಎಂದರು. ಎಲ್ಲರೂ ತಲೆ ಬಗ್ಗಿಸಿ ನಿಂತರು. ಮುಗಿದ ಮೇಲೆ ನಾನು ಹೋಗಿ ಮೈಕ್ ಹಿಡಿದೆ.

"ಮಾಸ್ತರು ನಿಮ್ಮನ್ನ ಸುಮ್ಮನ ನಿಲ್ಲಿಸಿದ್ದು ಇದು ಎರಡನೇ ಸಲ. ಮೊದಲನೇ ಸಲ ನಕ್ಕಿದ್ರಿ."

ಮೈಕ್ ಕೆಳಗಿಟ್ಟೆ. ಚಹಾಕ್ಕೂ ನಿಲ್ಲದೆ ಮನೆಗೆ ಬಂದೆ.

ಈಗ ಎಲ್ಲ ಮದುವೆಗೂ ಡಿಜೆ. ನಾನು ಮೊದಲು ಮದುವೆ ಮನೆಯವರನ್ನು ಯಾರು ಬರಲಿಲ್ಲ, ಅವರ ಹಾಡು ಯಾವುದು ಎಂದು ಕೇಳುತ್ತೇನೆ, ಆಮೇಲೆ ಡಿಜೆಯವನ ಹತ್ತಿರ ಹೋಗುತ್ತೇನೆ. ಮೊನ್ನೆ ಒಬ್ಬ ಹೆದರಿಕೊಂಡ. "ಆಂಟಿ, ಮಧ್ಯದಲ್ಲಿ ಸಾಂಗ್ ಸ್ಟಾಪ್ ಮಾಡಿದ್ರೆ ಜನ ಬೈತಾರೆ."

"ಬೈಲಿ," ಎಂದೆ. "ನೀ ನಿಲ್ಲಸು. ಬೈದ್ರ ನನ್ನ ಹೆಸರು ಹೇಳು."