ನಾಲ್ಕು ಬನ್ನುಗಳ ಯುದ್ಧ

ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಕ್ಯಾಂಪಸ್ಸಿನಲ್ಲಿ ನನ್ನ ಸಂದರ್ಶನಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಫಿಕಾ ಎಂಬ ಅಲ್ಲಿನ ಕಾಫಿ-ತಿಂಡಿ ವಿರಾಮದ ಮೇಜಿನಲ್ಲಿ ಕಾಫಿ ಕುಡಿಯುತ್ತ, ಯಾರೂ ಕೇಳದಿದ್ದರೂ ಎರಡನೇ ಮಹಾಯುದ್ಧದ ಮಿಡ್ವೇ ಯುದ್ಧವನ್ನು ಮೇಜಿನ ಮೇಲೆ ಶುರುಮಾಡಿದೆ. ನಾಲ್ಕು ದಾಲ್ಚಿನ್ನಿ ಬನ್ನುಗಳು ಜಪಾನಿನ ವಿಮಾನವಾಹಕ ಹಡಗುಗಳು, ಸಕ್ಕರೆ ತುಂಡುಗಳು ಅಮೆರಿಕದ ಬಾಂಬರ್‌ಗಳು. ಮುಳುಗಿದ ಹಡಗನ್ನು ನಾನು ತಿನ್ನಬೇಕು, ನಿಯಮವೂ ನನ್ನದೇ. ಎದುರಿದ್ದ ನರೆಗೂದಲಿನ ಜಪಾನಿ ಮಹಿಳೆ ಗಮನವಿಟ್ಟು ನೋಡುತ್ತಿದ್ದರು. ನನ್ನ ಹುರುಪು ಇನ್ನೂ ಏರಿತು.

"ಸಾಕು ನಿಲ್ಸೋ ಮಗಾ, ನಿನ್ನ ಇಂಟರ್‌ವ್ಯೂ ಮಾಡೋ ಪ್ರೊಫೆಸರ್ ಅವ್ರೇ," ಎಂದು ಅಲ್ಲೇ ಪಿಎಚ್‌ಡಿ ಮಾಡುತ್ತಿರುವ ಗೆಳೆಯ ಇಮ್ರಾನ್ ಕನ್ನಡದಲ್ಲಿ ಪಿಸುಗುಟ್ಟಿದ. ಅಷ್ಟರಲ್ಲಿ ಮೂರನೆಯ ಹಡಗು ನನ್ನ ಬಾಯೊಳಗಿತ್ತು.

"ನೀವು ತಿಂತಿರೋ ಹಡಗಲ್ಲಿ ನಮ್ಮಜ್ಜ ಮೆಕ್ಯಾನಿಕ್ ಆಗಿದ್ರು," ಎಂದು ಅವರು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ನಾನು ಅಗಿಯುವುದನ್ನು ನಿಲ್ಲಿಸಿದೆ.

ಅವರು ಕೊನೆಯ ಬನ್ನನ್ನು ನನ್ನತ್ತ ಸರಿಸಿದರು. "ಅದೂ ಮುಳುಗ್ತು. ತಿಂದು ಮುಗಿಸಿ, ಒಳಗೆ ಹೋಗೋಣ."