ಅವ್ವ ಹೊಲಿದಿಟ್ಟ ಕೊನೆಯ ಅಧ್ಯಾಯ

ನಮ್ಮ ಮನೆಯಲ್ಲಿ ಪುಸ್ತಕವನ್ನು ಮನಸ್ಸಿನಲ್ಲೇ ಓದಿಕೊಳ್ಳುವುದೆಂದರೆ ಕಳ್ಳತನ. ತುಟಿ ಮುಚ್ಚಿಕೊಂಡು ಒಂದು ಪುಟ ತಿರುವಿದರೆ ಸಾಕು, ಒಲೆಯ ಮುಂದಿನಿಂದ ಅವ್ವನ ಕೂಗು ಬರುತ್ತಿತ್ತು: "ಏನದು, ಒಬ್ಬಾಕೀನ ತಿನ್ನಾಕತ್ತೀಯಲ್ಲ!" ಡಬ್ಬಿಯ ಬೆಲ್ಲ ಕದ್ದವರಿಗೆ ಬೈಯುವ ಧಾಟಿಯಲ್ಲೇ ಬೈಯುತ್ತಿದ್ದಳು. ಎಪ್ಪತ್ತರ ದಶಕದ ಕೊನೆ, ನಾನಾಗ ಹೈಸ್ಕೂಲಿನಲ್ಲಿದ್ದೆ. ಇಳಕಲ್ಲಿನ ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗ. ನಮ್ಮ ಮನೆಯಲ್ಲಿ ಸರಾಗವಾಗಿ ಓದಲು ಬರುತ್ತಿದ್ದವಳು ನಾನೊಬ್ಬಳೇ. ಆ ಅಪರಾಧಕ್ಕೆ ಪ್ರತಿ ಪುಸ್ತಕವನ್ನೂ ಅಪ್ಪನ ಲಾಳಿಯ ಸಪ್ಪಳ ಮೀರಿಸಿ, ಗಂಟಲು ಹರಿಯುವಂತೆ ಓದಬೇಕಾಗಿತ್ತು.

ಕೇಳುವವರು ಮೂವರು ಹೆಂಗಸರು. ರಾಟಿ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುವ ಅವ್ವ, ಗೋಡೆಗೊರಗಿ ಕಾಲು ಚಾಚಿ ಕೂತ ಆಯಿ, ಅಂದರೆ ಅಪ್ಪನ ತಾಯಿ, ಮತ್ತು ಬಾಜೂಮನೆಯ ಚಿಗವ್ವ. ಚಿಗವ್ವ ನಮಗೆ ಸಂಬಂಧಿಯಲ್ಲ, ಆದರೆ ಅವಳಿಲ್ಲದೆ ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆಯೂ ಬೀಳುತ್ತಿರಲಿಲ್ಲ. ನನಗೆ ಬೇಕಾಗಿದ್ದುದು ಪತ್ತೇದಾರಿ ಕಾದಂಬರಿ. ಇವರಿಗೆ ಬೇಕಾಗಿದ್ದುದು ಕಣ್ಣೀರು. ಕೊಲೆ ನಡೆದ ಕೋಣೆಗೆ ಪತ್ತೇದಾರ ಕಾಲಿಡುತ್ತಿದ್ದಾಗಲೇ ಆಯಿ ಕೇಳುತ್ತಿದ್ದಳು, "ಸತ್ತಾಂವಗ ಮಕ್ಕಳು ಮರಿ ಅದಾವೇನು?" ಪುಸ್ತಕದಲ್ಲಿ ಆ ವಿಷಯ ಇಲ್ಲ ಎಂದರೆ ಬರೆದವನಿಗೇ ಶಾಪ. ನಡುವೆ ಚಿಗವ್ವ ನೀರಿಗೆ ಹೋಗಿ ಬಂದಳೆಂದರೆ ಹಿಂದಿನ ಎರಡು ಪುಟ ಮತ್ತೆ ಓದು. ಗಂಡು ಹೆಣ್ಣು ಒಬ್ಬರಿಗೊಬ್ಬರು ಹತ್ತಿರ ಸರಿದರೆ ಅವ್ವನಿಗೆ ಕೆಮ್ಮು. ಆ ಕೆಮ್ಮು ಬಂದರೆ ಅರ್ಧ ಪುಟ ಹಾರಿಸಬೇಕು. ಈಗ ನೆನೆದರೂ ಮೈ ಉರಿಯುತ್ತದೆ. ಪುಸ್ತಕ ತಂದವಳು ನಾನು, ಓದುವವಳು ನಾನು, ಯಜಮಾನಿಕೆ ಮಾತ್ರ ಅವರದು.

ಆಯಿಯದು ಇನ್ನೊಂದು ಕಾಟ. ಒಂದು ಕಾದಂಬರಿಯಲ್ಲಿ ಕೂಸು ಜ್ವರದಿಂದ ಸಾಯುತ್ತದೆ. ಆಯಿ ಮುಂದಕ್ಕೆ ಬಾಗಿ ನನ್ನ ಮೊಣಕಾಲು ಹಿಡಿದುಕೊಂಡಳು.

"ಬದುಕೇತಿ ಅಂತ ಓದು, ತಂಗಿ."

"ಸತ್ತೈತಿ ಅಂತ ಬರದಾರ, ಆಯಿ."

"ಬರೀವಲ್ಲರ್ಯಾಕ. ನೀ ಬದುಕೇತಿ ಅಂದ್ರ ನಿನ್ನ ಗಂಟೇನ ಹೋಗತೈತಿ?"

ನಾನು ಒಂದಕ್ಷರ ಬದಲಿಸಲಿಲ್ಲ. ಪುಸ್ತಕ ಎಂದರೆ ಪುಸ್ತಕ, ಅಚ್ಚಾದದ್ದನ್ನು ಬದಲಿಸಲು ನಾವ್ಯಾರು ಎಂದು ದೊಡ್ಡವಳ ಹಾಗೆ ಭಾಷಣ ಬಿಗಿದೆ. ಆಯಿ ಅವತ್ತು ರೊಟ್ಟಿ ಮುಟ್ಟಲಿಲ್ಲ. ನನಗೆ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು.

ಇಷ್ಟರ ಮೇಲೆ ಮನೆಯ ಕಾನೂನು ಬೇರೆ. ಮೊದಲ ಅಧ್ಯಾಯ ಕೇಳಿದವರೆಲ್ಲ ಕೂತ ಮೇಲೆಯೇ ಕೊನೆಯ ಅಧ್ಯಾಯ ಓದಬೇಕು. ಒಬ್ಬರು ಕಡಿಮೆಯಾದರೂ ಪುಸ್ತಕ ಮುಚ್ಚಿಡಬೇಕು. ಊಟಕ್ಕೆ ಒಬ್ಬರನ್ನು ಬಿಟ್ಟು ಎಲೆ ಹಾಕುತ್ತಾರೇನು ಎಂದು ಅವ್ವನ ವಾದ.

ಈ ಕಾನೂನು ನನ್ನ ಕೊರಳಿಗೆ ಬಿದ್ದದ್ದು ಒಂದು ಕಳವಿನ ಕಥೆಯ ಕಾದಂಬರಿಯಿಂದ. ಅದನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಬಾಡಿಗೆ ಲೈಬ್ರರಿಯಿಂದ ತಂದಿದ್ದೆ. ದೊಡ್ಡ ಮನೆ, ಹೊಸ ಸೊಸೆ, ಅತ್ತೆಯ ಬಂಗಾರದ ಸರ ಕಾಣೆಯಾಗಿದೆ. ಸೊಸೆಯನ್ನು ಕಳ್ಳಿ ಎಂದು ಹೊರಗೆ ಹಾಕುತ್ತಾರೆ. ನನಗೆ ಪತ್ತೇದಾರಿ, ಅವರಿಗೆ ಕಣ್ಣೀರು, ಎರಡೂ ಸಿಕ್ಕಿದ್ದು ಅದೊಂದರಲ್ಲೇ. ಕದ್ದವನು ಮೈದುನ ಎಂದು ಅವ್ವ. ಮನೆಗೆಲಸದವನು ಎಂದು ಚಿಗವ್ವ. ಆಯಿ ಮಾತ್ರ ಮೊದಲ ದಿನದಿಂದಲೂ ಒಂದೇ ಪಟ್ಟು: "ಸರಾ ಅತ್ತೀನ ಬಚ್ಚಿಟ್ಟಾಳ. ನನಗ ಗೊತ್ತೈತಿ." ಯಾಕೆ ಗೊತ್ತು ಎಂಬುದು ಓಣಿಗೆಲ್ಲ ಗೊತ್ತಿತ್ತು. ಆಯಿ ಹೊಸ ಸೊಸೆಯಾಗಿದ್ದಾಗ ಅವಳ ಅತ್ತೆಯ ಬೆಳ್ಳಿ ಕಡಗ ಕಳೆದಿತ್ತಂತೆ. ಕಳ್ಳಿ ಎಂಬ ಹೆಸರು ಆಯಿಯ ಮೇಲೆ ಬಂತು. ಕಡಗ ಸಿಗಲಿಲ್ಲ, ಹೆಸರೂ ಹೋಗಲಿಲ್ಲ.

ಕೊನೆಯ ಅಧ್ಯಾಯ ಬಾಕಿ ಇದ್ದಾಗ ಅಮೀನಗಡದಿಂದ ಸುದ್ದಿ ಬಂತು. ಅಲ್ಲಿಗೆ ಕೊಟ್ಟಿದ್ದ ಚಿಗವ್ವನ ಮಗಳಿಗೆ ಟೈಫಾಯಿಡ್. ಚಿಗವ್ವ ಗಂಟು ಕಟ್ಟಿಕೊಂಡು ಬಸ್ಸು ಹತ್ತುವಾಗ ಕಿಟಕಿಯಿಂದ ಕೂಗಿ ಹೇಳಿದ್ದು ಇದೊಂದೇ: "ನಾ ಬರೂತನಕ ಓದಬ್ಯಾಡ್ರಿ!"

ನಾನು ಓದೇ ಓದುತ್ತೇನೆ ಎಂದು ಅವ್ವನಿಗೆ ಗೊತ್ತಿತ್ತು. ಮರುದಿನ ಸಾಲಿಯಿಂದ ಬಂದು ನೋಡಿದರೆ, ಆ ಹೆಂಗಸು ಸೂಜಿ ತೆಗೆದುಕೊಂಡು, ಸೆರಗು ನೇದು ಉಳಿದ ಕೆಂಪು ರೇಶಿಮೆ ನೂಲಿನಲ್ಲಿ ಕೊನೆಯ ಅಧ್ಯಾಯವನ್ನು ಮೂರು ಬದಿಯೂ ಹೊಲಿದಿಟ್ಟಿದ್ದಳು! ಎಷ್ಟು ಒತ್ತಾಗಿ ಎಂದರೆ ಬೆಳಕಿಗೆ ಹಿಡಿದು ಇಣುಕಿದರೂ ಒಂದಕ್ಷರ ಕಾಣಬಾರದು. ನಾನು ಕೂಗಾಡಿದೆ, ಅಳುತ್ತ ಪಾಟಿಚೀಲ ಎಸೆದೆ. ಅವ್ವ ರಾಟಿ ನಿಲ್ಲಿಸಲಿಲ್ಲ.

ಚಿಗವ್ವ ಬೇಗ ಬರಲಿಲ್ಲ. ಲೈಬ್ರರಿಯವನು ದಾರಿಯಲ್ಲಿ ಕಂಡಾಗೆಲ್ಲ ಪುಸ್ತಕ ಕೇಳತೊಡಗಿದ. ಒಂದು ದಿನ ನಾನು ಮನೆಯಲ್ಲಿಲ್ಲದಾಗ ಅವ್ವ ತಾನೇ ಹೋಗಿ, ಹೊಲಿಗೆ ಸಮೇತ ವಾಪಸು ಕೊಟ್ಟು ಬಂದಳು. ಅವನು ಓಣಿಯತನಕ ಬಂದು ಚೀರಾಡಿದ: "ಏನ್ರಿ ಅಕ್ಕಾರ, ಇದೇನ್ ಪುಸ್ತಕೋ ಕುಬುಸೋ? ಇನ್ನ ಮ್ಯಾಲೆ ನಿಮ್ಮ ಮನಿಗೆ ಒಂದ್ ಹಾಳೀನೂ ಕೊಡಂಗಿಲ್ಲ!" ಕೊಡಲೂ ಇಲ್ಲ. ಹೊಲಿದವಳು ಅವಳು, ಶಿಕ್ಷೆ ನನಗೆ. ಆಮೇಲೆ ಮದುವೆಯಾಗುವತನಕ ನಾನು ಓದಿದ್ದು ಸಾಲಿಯ ಪುಸ್ತಕ ಮತ್ತು ಅಂಗಡಿಯಿಂದ ಸಕ್ಕರೆ ಕಟ್ಟಿಸಿಕೊಂಡು ಬಂದ ಹಾಳೆ. ಅವ್ವ ಒಂದು ದಿನವಾದರೂ "ತಪ್ಪಾತು" ಅಂದಳೇ? ಚಿಗವ್ವ ತಿರುಗಿ ಬಂದಾಗ, "ಹೋತವ್ವ ಪುಸ್ತಕ" ಎಂದಳು, ಅಷ್ಟೇ. ಚಿಗವ್ವ "ಹೋಗ್ಲಿ ಬಿಡು" ಎಂದಳು. ಸರ ಕದ್ದವರು ಯಾರು ಎಂಬ ಜಗಳ ಮಾತ್ರ ವರ್ಷಗಟ್ಟಲೆ ನಡೆಯಿತು.

ನನ್ನನ್ನು ಬಾಗಲಕೋಟೆಗೆ ಕೊಟ್ಟರು. ಗಂಡನ ಮನೆಯಲ್ಲಿ ಎಲ್ಲರೂ ಓದುವವರು. ಅವರವರ ಮೂಲೆ, ಅವರವರ ಪುಸ್ತಕ, ಚಕಾರವಿಲ್ಲ. ನಾನು ಬಯಸಿದ್ದು ಇದನ್ನೇ ತಾನೆ? ಆದರೆ ನನ್ನ ತುಟಿ ಸುಮ್ಮನಿರುತ್ತಿರಲಿಲ್ಲ. ಹೊಸ ಸೊಸೆ ಏನೋ ಜಪ ಮಾಡುತ್ತಾಳೆ ಎಂದು ಅತ್ತೆ ಮೆಚ್ಚಿಕೊಂಡರು. ಪ್ರೇಮದ ಮಾತು ಬಂದರೆ ಯಾರೂ ಕೆಮ್ಮದಿದ್ದರೂ ಅರ್ಧ ಪುಟ ಹಾರಿಸಿಬಿಡುತ್ತಿದ್ದೆ. ಆಮೇಲೆ ಅವ್ವನನ್ನು ಬೈದುಕೊಳ್ಳುತ್ತ ತಿರುಗಿ ಬಂದು ಓದುತ್ತಿದ್ದೆ. ಆ ಕಳವಿನ ಕಾದಂಬರಿಯನ್ನು ಬಾಗಲಕೋಟೆಯಲ್ಲೂ ಬಾದಾಮಿಯಲ್ಲೂ ಕೇಳಿದೆ. ಸಿಗಲಿಲ್ಲ.

ಈ ನಡುವೆ ಹುನಗುಂದದ ದವಾಖಾನೆಯಲ್ಲಿ ಆಯಿ ತೀರಿಕೊಂಡಳು. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದಾಗಿ ಒಂದೆರಡು ವರ್ಷಕ್ಕೆ ತವರಿಗೆ ಹೋದಾಗ ಆ ಲೈಬ್ರರಿ ಮುಚ್ಚುತ್ತಿತ್ತು. ಊರಿಗೆ ಟಿ.ವಿ. ಬಂದಿತ್ತು. ಪುಸ್ತಕಗಳನ್ನು ರದ್ದಿಗೆ ಕಟ್ಟುತ್ತಿದ್ದರು. ಆ ರಾಶಿಯಲ್ಲಿ ಒಂದರ ಕೊನೆಯ ಪುಟಗಳ ಅಂಚಿಗೆಲ್ಲ ಸೂಜಿಯ ತೂತು. ನೂಲನ್ನು ಯಾರೋ ಕತ್ತರಿಸಿದ್ದರು. ಒಂದು ಕೆಂಪು ಎಳೆ ಇನ್ನೂ ಸಿಕ್ಕಿಕೊಂಡಿತ್ತು. ಅಲ್ಲೇ ನಿಂತು ಓದಬಹುದಾಗಿತ್ತು, ತಡೆಯಲು ಯಾರೂ ಇರಲಿಲ್ಲ. ಆದರೂ ನನ್ನ ಕೈ ಪುಸ್ತಕ ಮುಚ್ಚಿತು. ಇವರು ನನ್ನನ್ನು ಹೇಗೆ ಕೆಡಿಸಿದ್ದರೋ ನೋಡಿ! ಸಿಡಿಮಿಡಿಗುಟ್ಟುತ್ತ ಮನೆಗೆ ತಂದೆ, ಅವ್ವನನ್ನೂ ಚಿಗವ್ವನನ್ನೂ ಎದುರಿಗೆ ಕೂಡಿಸಿ ಓದತೊಡಗಿದೆ.

ಎರಡು ಪುಟ ಆಗಿತ್ತು. ಸೊಸೆ ವಾಪಸು ಬರುತ್ತಾಳೆ, ಅಂಗಳದಲ್ಲಿ ನಿಲ್ಲುತ್ತಾಳೆ. "ಈಗ ಟ್ರಂಕ್ ತಗೀತಾರ," ಎಂದಳು ಚಿಗವ್ವ. ಪುಟ ತಿರುವಿದೆ. ಟ್ರಂಕು ತೆಗೆದರು.

ನಾನು ತಲೆ ಎತ್ತಿದೆ. "ನಿನಗ ಹೆಂಗ ಗೊತ್ತು?"

ಚಿಗವ್ವ ಸೆರಗು ತಿರುವುತ್ತ ಬಾಯಿ ಬಿಟ್ಟಳು. ಅಮೀನಗಡದಲ್ಲಿ ಅಳಿಯ ಇದೇ ಪುಸ್ತಕ ತಂದಿದ್ದ. ಹಾಸಿಗೆ ಹಿಡಿದ ಮಗಳು ಹೊತ್ತು ಹೋಗಲೆಂದು ಓದಿ ಹೇಳಿದ್ದಳು. ಯಾರಿಗಾಗಿ ಪುಸ್ತಕ ಹೊಲಿದರೋ, ಯಾರಿಗಾಗಿ ನನ್ನ ಓದು ನಿಂತಿತೋ, ಆ ಹೆಂಗಸು ಕಥೆ ಕೇಳಿ ಮುಗಿಸಿಕೊಂಡೇ ಬಂದಿದ್ದಳು!

"ಹೇಳಬೇಕೋ ಬ್ಯಾಡೋ?" ಎಂದೆ.

"ನೀವ್ ನನ್ನ ಸಲುವಾಗಿ ಬಿಟ್ಟಿದ್ರಿ. ನಾ ಕೇಳೇನಿ ಅಂತ ಯಾವ ಬಾಯಿಲೆ ಹೇಳ್ಲಿ?"

"ಆಯಿಗರೆ ಹೇಳಬೇಕಿತ್ತು! ಸಾಯೂಮಟ ಅದನ್ನ ಕೇಳಕೋತ ಹೋದ್ಲು."

"ಆಕಿಗೆ ಹೇಳೇನಿ," ಎಂದಳು ಚಿಗವ್ವ. "ದವಾಖಾನ್ಯಾಗ ಕೈ ಹಿಡದು ಕೇಳಿದ್ಲು. ಅತ್ತೀನ ಬಚ್ಚಿಟ್ಟಿದ್ಲು, ಎಲ್ಲಾರ ಮುಂದ ಒಪ್ಪಿಕೊಂಡ್ಲು ಅಂತ ಹೇಳಿದೆ. 'ನಾ ಹೇಳಿದ್ದಿಲ್ಲೇನು' ಅಂದ್ಲು. ನಿದ್ದಿ ಹತ್ತಿತು ಆಕಿಗೆ."

ಅವ್ವ ಕಣ್ಣೊರೆಸಿಕೊಂಡು ಎದ್ದಳು. "ಹಂಗಾರ ಮುಗೀತಲ್ಲ. ಮುಚ್ಚು ಪುಸ್ತಕ." ನಾನು ಎಷ್ಟು ಗೋಗರೆದರೂ ಮುಂದಿನದನ್ನು ಕೇಳಲಿಲ್ಲ. ಎರಡನೆಯ ಸಲವೂ ಅದೇ ಅಧ್ಯಾಯ, ಅದೇ ಅವ್ವ.

ಮರುದಿನ ಬಾಗಲಕೋಟೆಯ ಬಸ್ಸಿನಲ್ಲಿ, ಸಿಟ್ಟಿನಿಂದಲೇ ಅದನ್ನು ತೆಗೆದೆ. ಹುನಗುಂದ ದಾಟಿತು. ಅಮೀನಗಡದಲ್ಲಿ ಜನ ಕರದಂಟು ಕೊಳ್ಳಲು ಇಳಿದಾಗ ಕೊನೆಯ ಪುಟದಲ್ಲಿದ್ದೆ. ಸರವನ್ನು ಯಾರೂ ಕದ್ದಿರಲಿಲ್ಲ. ಟ್ರಂಕಿನ ತಳದಲ್ಲಿ ಹಳೆಯ ಸೀರೆಯ ಮಡಿಕೆಯಲ್ಲಿ ಸಿಕ್ಕಿಕೊಂಡಿತ್ತು. ಅತ್ತೆ ಎರಡು ಹನಿ ಕಣ್ಣೀರು ಹಾಕುತ್ತಾಳೆ. ಸೊಸೆ, ಆ ಸೊಸೆ, ಅತ್ತೆಯ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತಾಳೆ! ಅಲ್ಲಿಗೆ ಶುಭಂ.

"ಅತ್ತೀನ ಬಚ್ಚಿಟ್ಟಾಳ ಅಂತ ಬರೆದಿದ್ರ ನಿನ್ನ ಗಂಟೇನ ಹೋಗತಿತ್ತು?"

ಬರೆದವನಿಗೆ ಅಷ್ಟು ಜೋರಾಗಿ ಅಂದೆನೆಂದು ತಿಳಿದದ್ದು ಪಕ್ಕದ ಸೀಟಿನ ಮುದುಕಿ ನನ್ನತ್ತ ತಿರುಗಿದಾಗ. ಕೊನೆಯ ಪುಟಗಳನ್ನು ನಾನು ಬಾಯಿಬಿಟ್ಟು ಓದುತ್ತಿದ್ದೆನೋ ಏನೋ, ಅರ್ಧಂಬರ್ಧ ಕೇಳಿಸಿಕೊಂಡಿದ್ದಳು.

"ಏನಾತವ್ವ ಕಡೀಕ?" ಎಂದಳು. "ಯಾರು ಕದ್ದಿದ್ರು?"

ನಾನು ಪುಸ್ತಕ ಮುಚ್ಚಿದೆ.

"ಅತ್ತೀನರಿ," ಎಂದೆ. "ಎಲ್ಲಾರ ಮುಂದ ಒಪ್ಪಿಕೊಂಡ್ಲು."