ಕೆಂಪು ಗುಡ್ಡೆಗೆ ಬಹುಮಾನ ಇಲ್ಲ

ಪಂಜದ ಕಡೆಯ ಒಂದು ಸರಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ವರ್ಗವಾಗಿ ಹೋದ ವಾರವೇ ನಾಲ್ಕನೇ ತರಗತಿಯ ಮಕ್ಕಳಿಗೆ ಹಾಳೆ ಹಂಚಿ, ಶಾಲೆಯ ಸುತ್ತ ಕಾಣುವುದನ್ನು ಬಿಡಿಸಿ ಎಂದೆ. ಒಬ್ಬರೂ ಕಿಟಕಿಯ ಕಡೆ ತಿರುಗಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಒಂದೇ ಚಿತ್ರ ಬಿಡಿಸಿದರು. ಎರಡು ಮುಕ್ಕೋನದ ಗುಡ್ಡ, ನಡುವೆ ಅರ್ಧ ಸೂರ್ಯ, ಸೂರ್ಯನ ಬುಡದಿಂದಲೇ ಹೊರಡುವ ನದಿ, ದಡದಲ್ಲಿ ಒಂದು ಹುಲ್ಲಿನ ಗುಡಿಸಲು. ಆ ತರಗತಿಯಲ್ಲಿ ಹುಲ್ಲಿನ ಗುಡಿಸಲು ನೋಡಿದ ಮಕ್ಕಳೇ ಇರಲಿಲ್ಲ. ಕಿಟಕಿಯ ಆಚೆ ರಬ್ಬರ್ ಮರಗಳು ಸೊಂಟಕ್ಕೆ ಪ್ಲಾಸ್ಟಿಕ್ ಕಟ್ಟಿಕೊಂಡು ಸಾಲಾಗಿ ನಿಂತಿದ್ದವು. ಅವನ್ನು ಯಾರೂ ಚಿತ್ರಕ್ಕೆ ಕರೆದಿರಲಿಲ್ಲ.

"ಇದನ್ನು ಯಾರು ಕಲಿಸಿದ್ದು?" ಎಂದು ಕೇಳಿದೆ.

"ಕಳೆದ ವರ್ಷ ಬರ್ತಿದ್ದ ಡ್ರಾಯಿಂಗ್ ಮಾಷ್ಟ್ರು. ಮೊಬೈಲಲ್ಲಿಯೂ ಉಂಟು ಟೀಚರ್."

ಈ ಡ್ರಾಯಿಂಗ್ ಮಾಷ್ಟ್ರನ್ನು ನಾನು ಆಮೇಲೆ ಪುತ್ತೂರಿನಲ್ಲಿ ಕಂಡೆ. ಕಲೆಯ ಮೂಲಕ ಭೂಗೋಳ ಕಲಿಸುವುದು ಹೇಗೆ ಎಂದು ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನ ಪ್ರಾಥಮಿಕ ಶಿಕ್ಷಕರಿಗೆ ತರಬೇತಿ ಇತ್ತು. ಸಂಪನ್ಮೂಲ ವ್ಯಕ್ತಿಯೆಂದು ಇವರನ್ನು ಕರೆಸಿದ್ದರು. ಇಸ್ತ್ರಿ ಮಾಡಿದ ಜುಬ್ಬಾ, ಹೆಗಲಲ್ಲಿ ಬಟ್ಟೆಯ ಚೀಲ. ಕಲಾವಿದರೆಂದು ತಿಳಿಯಲು ಇಷ್ಟು ಸಾಕೆಂದು ಅವರಿಗೆ ಯಾರೋ ಹೇಳಿದ್ದರು. ಅವರು ಬೋರ್ಡಿನಲ್ಲಿ ಹಸಿರು ಗುಡ್ಡ ಬಿಡಿಸಿದರು, ಅದರ ಹಿಂದೆ ನೀಲಿ ಗುಡ್ಡ ಬಿಡಿಸಿದರು, ಅದರ ತುದಿಗೆ ಬಿಳಿ ಸೀಮೆಸುಣ್ಣ ತಿಕ್ಕಿದರು.

"ಸರ್, ತುದಿಯಲ್ಲಿ ಬಿಳಿ ಎಂತದು?" ಎಂದೆ.

"ಹಿಮ, ಟೀಚರ್."

"ಪುತ್ತೂರಿನಲ್ಲಿಯಾ?"

ಅವರು ನನ್ನ ಕಡೆ ತಿರುಗದೆ ನಕ್ಕರು. "ಮಕ್ಕಳಿಗೆ ಇಷ್ಟ ಆಗ್ತದೆ ಮಾರಾಯ್ರೆ. ನೋಡ್ಲಿಕ್ಕೆ ಚಂದ ಉಂಟಲ್ಲ, ಅಷ್ಟು ಸಾಕು."

ನನ್ನ ಸುತ್ತಲಿನ ಶಿಕ್ಷಕರು ಆ ಹಿಮವನ್ನು ಶ್ರದ್ಧೆಯಿಂದ ನಕಲು ಮಾಡಿಕೊಳ್ಳುತ್ತಿದ್ದರು. ನನ್ನ ಪಕ್ಕದವರು ಬಿಳಿ ಬಣ್ಣ ಹೇಗೆ ಹಾಕುವುದೆಂದು ಕೇಳಿದರು. ಅಲ್ಲಿ ಹಾಳೆಯನ್ನೇ ಖಾಲಿ ಬಿಡಬೇಕೆಂದು ಉತ್ತರ ಬಂತು. ಇಡೀ ದಿನದಲ್ಲಿ ಆ ಮನುಷ್ಯ ಆಡಿದ ಪ್ರಾಮಾಣಿಕ ಮಾತು ಅದೊಂದೇ. ಆಮೇಲೆ ಚಹಾದೊಂದಿಗೆ ಗೋಳಿಬಜೆ ಬಂತು, ಭೂಗೋಳ ಮುಗಿಯಿತು.

ಮಳೆ ಹಿಂದೆಗೆದ ಮೇಲೆ ನಾನು ಮಕ್ಕಳನ್ನು ಶಾಲೆಯ ಹಿಂದಿನ ಗುಡ್ಡೆಗೆ ಹತ್ತಿಸಿದೆ. ಮುಖ್ಯೋಪಾಧ್ಯಾಯರು ಗೇಟಿನವರೆಗೆ ಬಂದರು. ಯಾವ ವಿಷಯದಲ್ಲೂ ಬೇಡ ಎನ್ನುವ ಧೈರ್ಯವಿಲ್ಲದ, ಆಗಲಿ ಎನ್ನುವ ಧೈರ್ಯವೂ ಇಲ್ಲದ ಮನುಷ್ಯ.

"ಹಾವು ಗೀವು ಇದ್ದರೆ ಜವಾಬ್ದಾರಿ ನಿಮ್ಮದು ಟೀಚರ್. ಪುಸ್ತಕದಲ್ಲಿಯೇ ಚಿತ್ರ ಉಂಟಲ್ಲ?"

ಪುಸ್ತಕದಲ್ಲಿ ಇತ್ತು. ಪರ್ವತ, ಪ್ರಸ್ಥಭೂಮಿ, ಮೈದಾನ, ಕರಾವಳಿ ಎಂದು ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದರು. ತಾವು ನಿಂತಿರುವ ನೆಲ ಅವುಗಳಲ್ಲಿ ಯಾವುದೆಂದು ಅವರನ್ನು ಯಾರೂ ಕೇಳಿರಲಿಲ್ಲ.

ಗುಡ್ಡೆಯ ತಲೆ ಚಪ್ಪಟೆ. ಮುರಕಲ್ಲು ಎಂಬ ಜಂಬಿಟ್ಟಿಗೆಯ ಅಂಥ ಬಯಲನ್ನು ನಮ್ಮಲ್ಲಿ ಪದವು ಎನ್ನುತ್ತಾರೆ. ಅಲ್ಲಿ ಕೂತು ಕೆಳಗೆ ನೋಡಿ ಎಂದೆ. ಮೊದಲು ಅವರಿಗೆ ಅವರವರ ಮನೆ ಮಾತ್ರ ಕಂಡಿತು. ಆಮೇಲೆ ನಿಧಾನಕ್ಕೆ ನೆಲ ಕಾಣತೊಡಗಿತು. ಎಲ್ಲಕ್ಕಿಂತ ಕೆಳಗೆ ನೀರು ನಿಲ್ಲುವ ಬೈಲು, ಅದರ ಮೇಲೆ ನಡುಮಟ್ಟದ ಗದ್ದೆ ಮಜಲು, ಇನ್ನೂ ಮೇಲೆ ಒಣಗುವ ಬೆಟ್ಟು. ಬೈಲಿನ ಅಂಚಿನಲ್ಲಿ ತೋಡು, ಎಂದರೆ ನಮ್ಮ ಸಣ್ಣ ಹೊಳೆ.

"ಟೀಚರ್, ನಮ್ಮ ಮನೆಯ ಹೆಸರಿನಲ್ಲಿ ಮಜಲು ಉಂಟು. ಅದು ಇದೇಯಾ?"

"ಇದೇ."

"ಹಾಗಾದ್ರೆ ಹೆಸರು ಸುಮ್ಮನೆ ಇಟ್ಟದ್ದಲ್ಲ."

ಬಣ್ಣವನ್ನೂ ಅಲ್ಲಿಯೇ ಮಾಡಿಕೊಂಡೆವು. ಮುರಕಲ್ಲಿನ ಪುಡಿ ಕಲಸಿದರೆ ಕೆಂಪು, ತೋಡಿನ ಬದಿಯ ಜೇಡಿಯಿಂದ ಬಿಳಿ, ತೇಗದ ಚಿಗುರು ಅರೆದರೆ ರಕ್ತದ ಬಣ್ಣ, ಬಿಸಿಯೂಟದ ಅಡುಗೆಯವರು ಮನೆಯ ಒಲೆಯಿಂದ ತಂದುಕೊಟ್ಟ ಮಸಿಯಿಂದ ಕಪ್ಪು. ಆ ವಾರ ಮಕ್ಕಳ ಅಂಗಿಗಳೆಲ್ಲ ಹಾಳಾದವು. ಮನೆಗಳಿಂದ ದೂರುಗಳು ಬಂದವು. ಮಕ್ಕಳ ತಲೆಯೊಳಗೆ ಏನು ಹೋಗುತ್ತಿದೆ ಎಂದು ಎಂದೂ ಕೇಳದ ಪೋಷಕರು ಅಂಗಿಯ ಕಲೆ ಹೋಗುವುದು ಹೇಗೆಂದು ಕೇಳಿದರು.

ಅರೆಭಾಷೆ ಮಾತಾಡುವ ಮನೆಯ ಹುಡುಗಿ ಒಬ್ಬಳಿದ್ದಳು. ತರಗತಿಯಲ್ಲಿ ಬಾಯಿ ಬಿಡುತ್ತಿದ್ದುದು ಕಡಿಮೆ. ಅವಳ ಮನೆ ಗುಡ್ಡೆಯ ಬುಡದಲ್ಲೇ ಇತ್ತು. ಹಿಂದಿನ ಬೇಸಗೆಯಲ್ಲಿ ಅವಳ ಅಪ್ಪ ಅಂಗಳ ದೊಡ್ಡದು ಮಾಡಲು ಜೇಸಿಬಿ ತರಿಸಿ ಗುಡ್ಡೆಯನ್ನು ನೆಟ್ಟಗೆ ಕಡಿಸಿದ್ದರು. ಹಾಗೆ ಕಡಿದ ಮಣ್ಣಿನ ಗೋಡೆಗೆ ಇಲ್ಲಿ ಬರೆ ಎಂಬ ಹೆಸರು. ಅವಳು ಬಿಡಿಸಿದ್ದು ಆ ಬರೆಯನ್ನೇ. ಹಾಳೆಯ ಮುಕ್ಕಾಲು ಭಾಗ ಮುರಕಲ್ಲಿನ ಕೆಂಪು, ಬುಡದಲ್ಲಿ ಪುಟ್ಟ ಮನೆ, ದನದ ಹಟ್ಟಿ. ಬರೆಯ ನೆತ್ತಿಯಲ್ಲಿ, ಹುಲ್ಲಿನ ನಡುವೆ, ಮಸಿಯಲ್ಲಿ ಎಳೆದ ಒಂದು ಸೊಟ್ಟ ಗೀಟು.

ಸುಳ್ಯದಲ್ಲಿ ನಮ್ಮೂರಿನ ಭೂದೃಶ್ಯ ಎಂಬ ವಿಷಯಕ್ಕೆ ಚಿತ್ರಸ್ಪರ್ಧೆ ನಡೆದಾಗ ಅವಳನ್ನು ಕರೆದುಕೊಂಡು ಹೋದೆ. ಅಲ್ಲಿಯೂ ಅವಳು ಅದನ್ನೇ ಬಿಡಿಸಿದಳು. ತೀರ್ಪುಗಾರರು ನಮ್ಮ ಡ್ರಾಯಿಂಗ್ ಮಾಷ್ಟ್ರೇ. ಕೈ ಹಿಂದೆ ಕಟ್ಟಿಕೊಂಡು, ಸಂತೆಯಲ್ಲಿ ಬದನೆ ನೋಡುವವರಂತೆ ಚಿತ್ರಗಳನ್ನು ನೋಡುತ್ತಾ ಬಂದು ಅವಳ ಮುಂದೆ ನಿಂತರು.

"ಇದೆಂತ ಮಗಾ, ಗುಡ್ಡೆಗೆ ಗಾಯ ಆದ ಹಾಗೆ ಉಂಟು. ಸೂರ್ಯ ಎಲ್ಲಿ?"

"ಸೂರ್ಯ ಹಿಂದೆ ಇತ್ತು ಸರ್. ನಾನು ನೋಡುವಾಗ ಬೆನ್ನು ಬಿಸಿ ಆಗ್ತಿತ್ತು."

ಇಂಥ ಮಾತು ಕೇಳಿದ ಮೇಲೆ ಚಿತ್ರ ಕಲಿಸುವ ಯಾರೇ ಆದರೂ ಚಿತ್ರವನ್ನು ಇನ್ನೊಮ್ಮೆ ನೋಡಬೇಕಿತ್ತು. ಇವರು ನಕ್ಕು ಪಕ್ಕದ ಸಂಘಟಕರ ಮುಖ ನೋಡಿದರು. ಸಂಘಟಕರೂ ನಕ್ಕರು.

"ಮುಂದಿನ ಸಲ ಎದುರಿಗೆ ಹಾಕು. ಮತ್ತೆ ಈ ಗೀಟು? ಅಳಿಸ್ಲಿಕ್ಕೆ ಆಗ್ಲಿಲ್ಲವಾ?"

"ಅದು ಅಲ್ಲಿ ಉಂಟು ಸರ್."

ಅವರು ಆಗಲೇ ಮುಂದಕ್ಕೆ ಹೋಗಿದ್ದರು. ಮೊದಲ ಬಹುಮಾನ ಹಿಮದ ಶಿಖರಕ್ಕೆ ಬಂತು. ಬಹುಮಾನ ಪಡೆದ ಹುಡುಗ ಅವರೇ ಶನಿವಾರ ನಡೆಸುವ ಡ್ರಾಯಿಂಗ್ ಕ್ಲಾಸಿನವನು. ಅವನ ಮೇಲೆ ನನಗೆ ಸಿಟ್ಟಿಲ್ಲ. ಹೇಳಿಕೊಟ್ಟದ್ದನ್ನು ಬಿಡಿಸಿದ್ದ, ಅಷ್ಟೇ. ವೇದಿಕೆಯ ಮೇಲಿದ್ದ ದೊಡ್ಡವರು ಸುಳ್ಯದ ಬಿಸಿಲಿಗೆ ಬೆವರು ಒರೆಸಿಕೊಳ್ಳುತ್ತಾ ಆ ಹಿಮಕ್ಕೆ ಚಪ್ಪಾಳೆ ತಟ್ಟಿದರು.

ಮರುದಿನ ಹುಡುಗಿಯ ಅಪ್ಪ ಶಾಲೆಗೆ ಬಂದರು. ನಾವು ಸುಳ್ಯದಿಂದ ಮರಳುವ ಮೊದಲೇ ಸುದ್ದಿ ಅವರ ಮನೆ ಮುಟ್ಟಿತ್ತು.

"ಅಲ್ಲ ಟೀಚರೇ, ಊರಿನಲ್ಲಿ ಬಿಡಿಸ್ಲಿಕ್ಕೆ ಬೇರೆ ಎಂತದೂ ಇಲ್ಲವಾ? ನಮ್ಮ ಮನೆಯ ಬರೆಯನ್ನು ಸುಳ್ಯದವರಿಗೆ ತೋರಿಸ್ಬೇಕಿತ್ತಾ? ಗುಡ್ಡೆ ಕಡಿದದ್ದು ನಾನೊಬ್ಬನೇಯಾ?"

ಮುಖ್ಯೋಪಾಧ್ಯಾಯರಿಗೆ ಒಮ್ಮೆಲೇ ಕಡತದಲ್ಲಿ ತುಂಬ ಕೆಲಸ ಕಾಣಿಸಿತು. ನಾನು ಚಿತ್ರವನ್ನು ತಂದು ಮೇಜಿನ ಮೇಲೆ ಇಟ್ಟೆ. ಅಪ್ಪ ನಿಂತುಕೊಂಡೇ ನೋಡಿದರು, ಆಮೇಲೆ ಕೂತರು.

"ಇದು ಎಂತ, ಈ ಕಪ್ಪು?"

"ಅವಳನ್ನೇ ಕೇಳಿ."

ಹುಡುಗಿ ಬಂದು ಬಾಗಿಲಲ್ಲಿ ನಿಂತಳು. "ಮೇಲೆ ನೆಲ ಬಾಯಿ ಬಿಟ್ಟಿದೆ ಅಪ್ಪಾ. ಕೋಲು ಹಾಕಿದ್ರೆ ಪೂರ್ತಿ ಒಳಗೆ ಹೋಗ್ತದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಬಿಡಿಸುವಾಗಲೇ ನಾನು ಸರಿಯಾಗಿ ನೋಡಿದ್ದು."

ಅವರು ಎದ್ದು ಹೋದರು. ಆ ಸಂಜೆ ಗುಡ್ಡೆ ಹತ್ತಿದರಂತೆ. ಮಳೆ ಶುರುವಾಗುವ ಮೊದಲು ಹಟ್ಟಿಯನ್ನು ತೋಟದ ಆ ಬದಿಗೆ ಕಟ್ಟಿದರು, ಹಿಂದಿನ ಕೋಣೆಯಲ್ಲಿ ಮಲಗುವುದನ್ನು ಬಿಟ್ಟರು. ನಡುಮಳೆಗಾಲದ ಆಟಿ ತಿಂಗಳಲ್ಲಿ ಬರೆ ಜರಿದು ಹಳೆಯ ಹಟ್ಟಿಯ ಮೇಲೆ ಕೂತಿತು, ಹಿಂದಿನ ಕೋಣೆಯ ಗೋಡೆಯನ್ನು ಒಳಕ್ಕೆ ತಳ್ಳಿತು. ಒಂದು ಕರುವಿಗೂ ಏನೂ ಆಗಲಿಲ್ಲ. ಮಕ್ಕಳೊಂದಿಗೆ ನೋಡಲು ಹೋದಾಗ ಅಪ್ಪ ನನ್ನನ್ನು ನೋಡಿ, ದೈವ ಕಾಪಾಡಿತು ಎಂದರು. ಮಗಳು ಅಲ್ಲಿಯೇ ಇದ್ದಳು. ಅವಳ ಕಡೆಗೆ ಒಂದು ಒಳ್ಳೆಯ ಮಾತು ಆ ಮನುಷ್ಯನ ಬಾಯಿಂದ ಬರಲಿಲ್ಲ. ಅವಳಿಗೆ ಅದರ ಚಿಂತೆಯೂ ಇದ್ದಂತೆ ಕಾಣಲಿಲ್ಲ. ಜರಿದ ಮಣ್ಣಿನೊಳಗೆ ಹಳದಿ, ನೇರಳೆ ಬಣ್ಣದ ಪದರಗಳು ಕಾಣುತ್ತಿದ್ದವು. ಅವಳು ಗೆಳತಿಯರಿಗೆ ಅವನ್ನು ತೋರಿಸುತ್ತಿದ್ದಳು.

ಮುಂದಿನ ವರ್ಷ ಮತ್ತೆ ತರಬೇತಿ, ಮತ್ತೆ ಪುತ್ತೂರು, ಮತ್ತೆ ಅದೇ ಜುಬ್ಬಾ. ಮಾಷ್ಟ್ರು ಗಂಟಲು ಸರಿ ಮಾಡಿಕೊಂಡು ಹೇಳಿದರು: "ಪಂಜದ ಕಡೆಯ ಒಂದು ಪುಟ್ಟ ಹುಡುಗಿ. ನನ್ನ ಸ್ಪರ್ಧೆಯಲ್ಲಿ ಗುಡ್ಡೆಯ ಬಿರುಕನ್ನು ಬಿಡಿಸಿದ್ಲು. ನಾನು ಆವತ್ತೇ ಗುರುತಿಸಿದ್ದೆ. ಒಂದು ಮನೆ ಉಳಿಯಿತು. ಇದು ಕಲೆಯ ಶಕ್ತಿ."

ಸಭೆ ಚಪ್ಪಾಳೆ ತಟ್ಟಿತು. ನಾನು ಎದ್ದು ನಿಂತೆ.

"ಸರ್, ಆ ಗೀಟನ್ನು ಅಳಿಸ್ಲಿಕ್ಕೆ ಆಗ್ಲಿಲ್ಲವಾ ಅಂತ ಕೇಳಿದ್ದು ನೀವೇ ಅಲ್ಲವಾ?"

ಅವರು ಗಲಿಬಿಲಿಗೊಳ್ಳಲೂ ಇಲ್ಲ. ಅದಕ್ಕೂ ಸ್ವಲ್ಪ ಮನುಷ್ಯತ್ವ ಬೇಕು. "ಪ್ರಶ್ನೆಗಳು ಕೊನೆಗೆ, ಟೀಚರ್" ಎಂದರು. ಕೊನೆಗೆ ಊಟ ಇತ್ತು.

ಸಂಜೆ ಬಸ್ಸಿನಲ್ಲಿ ಕಡಬ ತಾಲೂಕಿನ ಹೊಸ ಶಿಕ್ಷಕಿಯೊಬ್ಬರು ನನ್ನ ಪಕ್ಕ ಕೂತರು. ಬಸ್ಸು ಹೊರಟ ಮೇಲೆ ಮೆಲ್ಲಗೆ ಕೇಳಿದರು: "ನೀವು ಹೇಳಿದ್ದು ಹೌದಾ ಅಕ್ಕ?"

"ಹೌದು."

"ಹಾಗಾದ್ರೆ ಅವರು ಇನ್ನೂ ಎಲ್ಲರಿಗೂ ಹೀಗೆಯೇ ಹೇಳ್ತಾ ಹೋಗುದಾ?"

"ಹೋಗುದು. ನೀವು ನಿಮ್ಮ ಮಕ್ಕಳನ್ನು ಹೊರಗೆ ಕರ್ಕೊಂಡು ಹೋಗಿ."

ಅವರ ಶಾಲೆಯ ಹತ್ತಿರ ಗುಡ್ಡೆ ಇಲ್ಲವಂತೆ, ಹೊಳೆ ಮಾತ್ರ ಇದೆಯಂತೆ. ಹೊಳೆ ಯಾವ ಬದಿಯ ದಡವನ್ನು ತಿನ್ನುತ್ತದೆ ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ಗೊತ್ತಿಲ್ಲ, ನಾಳೆ ನೋಡುತ್ತೇನೆ ಎಂದರು. ಕಾಣಿಯೂರಿನಲ್ಲಿ ಇಳಿದು ಹೋದರು. ಆ ಇಡೀ ತರಬೇತಿಯಲ್ಲಿ ಗೊತ್ತಿಲ್ಲ ಎಂದವರು ಅವರೊಬ್ಬರೇ.